ಡಯಾನಾ ಸಾವು, ಎರಡು ದಿನದ ನಂತರದ ಗ್ರಹಣ ಮತ್ತು ಆಲ್ಗಾಲ್ ನಕ್ಷತ್ರ

ಪ್ರಶ್ನೆ: ಬ್ರಿಟನ್ನಿನ ರಾಜಕುಮಾರಿ ಡಯಾನಾ ತೀರಿಕೊಂಡ ಎರಡೇ ದಿನಕ್ಕೆ ಸೂರ್ಯಗ್ರಹಣ ಆಗಿತ್ತಂತೆ. ಅವರ ಜಾತಕದಲ್ಲಿ ಶುಕ್ರ ಆಲ್ಗಾಲ್ ಎಂಬ ಕ್ರೂರ ನಕ್ಷತ್ರದ ಜೊತೆ, ರಾಹು ರಾಜನಕ್ಷತ್ರ ರೆಗ್ಯುಲಸ್ ಜೊತೆ ಇದ್ದರಂತೆ. ಹಾಗಾಗಿ ಆ ಸಾವು ಮೊದಲೇ ಬರೆದಿತ್ತು ಅಂತ ಒಂದು ಬರಹದಲ್ಲಿ ಓದಿದೆ. ಲೆಕ್ಕಗಳೆಲ್ಲ ಸರಿಯಾಗಿಯೇ ಕಾಣುತ್ತವೆ. ಇದು ನಿಜವೇ? ನನ್ನ ಮಗನ ಜನ್ಮನಕ್ಷತ್ರದಲ್ಲೂ ಗ್ರಹಣ ಬರಲಿದೆ, ಹುಷಾರಾಗಿರಿ ಅಂತ ಒಬ್ಬರು ಹೇಳಿದ್ದಾರೆ. ಅವತ್ತಿನಿಂದ ನನಗೆ ನಿದ್ದೆ ಬರುತ್ತಿಲ್ಲ.

ಉತ್ತರ: ಮೊದಲು ನಿಮ್ಮ ಮಗನ ವಿಷಯ ಹೇಳಿಬಿಡುತ್ತೇನೆ. ಆ ಗ್ರಹಣದಿಂದ ಅವನಿಗೆ ಏನೂ ಆಗುವುದಿಲ್ಲ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ಯಾಕೆ ಹೀಗೆ ಹೇಳುತ್ತೇನೆ ಅನ್ನುವುದನ್ನು ನೀವು ಓದಿದ ಆ ಜಾತಕವನ್ನೇ ಮುಂದಿಟ್ಟುಕೊಂಡು ತೋರಿಸುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನೀವು ಓದಿದ ಲೆಕ್ಕಗಳು ಸರಿ. ಇದನ್ನು ಮೊದಲೇ ಒಪ್ಪಿಕೊಳ್ಳಬೇಕು. ಇಂಥ ಬರಹಗಳನ್ನು "ಎಲ್ಲ ಸುಳ್ಳು" ಅಂತ ತಳ್ಳಿಹಾಕುವವರು ಇಲ್ಲಿಯೇ ಎಡವುತ್ತಾರೆ. ಓದುವವರು ಪಂಚಾಂಗ ತೆಗೆದು ನೋಡುತ್ತಾರೆ, ಅಂಕಿಗಳು ಹೊಂದುತ್ತವೆ, ಅವರ ಭಯ ಇನ್ನೂ ಜಾಸ್ತಿಯಾಗುತ್ತದೆ. ಅಂಕಿಗಳಲ್ಲಿ ತಪ್ಪಿಲ್ಲ. ಆ ಅಂಕಿಗಳನ್ನು ಹೇಗೆ ಆರಿಸಿಕೊಂಡರು ಅನ್ನುವುದರಲ್ಲಿ ತಪ್ಪಿದೆ.

ಡಯಾನಾ ಹುಟ್ಟಿದ್ದು 1961ರ ಜುಲೈ 1ರಂದು, ಇಂಗ್ಲೆಂಡಿನ ಸ್ಯಾಂಡ್ರಿಂಗ್‌ಹ್ಯಾಮ್‌ನಲ್ಲಿ. ಸಾಮಾನ್ಯವಾಗಿ ಬಳಸುವ ಸಮಯ ಸಂಜೆ 7.45. ಪಾಶ್ಚಾತ್ಯರ ಸಾಯನ ಪದ್ಧತಿಯಲ್ಲಿ ಲಗ್ನ ಧನು ರಾಶಿಯ 18 ಡಿಗ್ರಿ 24 ಕಲೆ. ಸೂರ್ಯ ಕರ್ಕಾಟಕದ 9 ಡಿಗ್ರಿ 40 ಕಲೆ. ಶುಕ್ರ ವೃಷಭದ 24 ಡಿಗ್ರಿ 24 ಕಲೆ. ಕುಜ ಕನ್ಯಾ ರಾಶಿಯ ಆರಂಭದಲ್ಲಿ, ಪ್ಲೂಟೊ ಅದೇ ರಾಶಿಯ 6 ಡಿಗ್ರಿಯಲ್ಲಿ. (ಒಂದು ಡಿಗ್ರಿಗೆ 60 ಕಲೆ. ಪೂರ್ಣಚಂದ್ರನ ಅಗಲ ಸುಮಾರು 30 ಕಲೆ.)

1997ರ ಆಗಸ್ಟ್ 31ರ ಮಧ್ಯರಾತ್ರಿ ದಾಟಿ ಸುಮಾರು 12.23ಕ್ಕೆ ಪ್ಯಾರಿಸ್ಸಿನ ಪಾಂಟ್ ಡೆ ಲಾಲ್ಮಾ ಸುರಂಗದಲ್ಲಿ ಅವರ ಕಾರು ಕಂಬಕ್ಕೆ ಗುದ್ದಿತು. ಬೆಳಗಿನ ಜಾವ 4 ಗಂಟೆಗೆ ಆಸ್ಪತ್ರೆಯಲ್ಲಿ ತೀರಿಕೊಂಡರು. ವಯಸ್ಸು 36. ಅದಾಗಿ ಸುಮಾರು 46 ಗಂಟೆಗೆ ಪಾರ್ಶ್ವ ಸೂರ್ಯಗ್ರಹಣ ತನ್ನ ಗರಿಷ್ಠ ಹಂತ ಮುಟ್ಟಿತು. ಜಾಗ ಕನ್ಯಾ ರಾಶಿಯ 9 ಡಿಗ್ರಿ 34 ಕಲೆ.

ಇಲ್ಲಿಂದ ವ್ಯಾಖ್ಯಾನ ಶುರುವಾಗುತ್ತದೆ. ಗ್ರಹಣದ ಬಿಂದು ಜನ್ಮಕಾಲದ ಪ್ಲೂಟೊಗೆ ಮೂರೂವರೆ ಡಿಗ್ರಿ ದೂರ. ಪಾಶ್ಚಾತ್ಯ ಜ್ಯೋತಿಷಿಗಳಿಗೆ ಪ್ಲೂಟೊ ಸಾವಿನ ಗ್ರಹ. ಕುಜ ಅಪಘಾತದ ಗ್ರಹ, ಅದೂ ಅಲ್ಲೇ ಪಕ್ಕದಲ್ಲಿದೆ. ಜನ್ಮಸೂರ್ಯನಿಗೂ ಗ್ರಹಣಕ್ಕೂ ಸರಿಯಾಗಿ 60 ಡಿಗ್ರಿ ಅಂತರ, ವ್ಯತ್ಯಾಸ ಬರೀ 6 ಕಲೆ. ಇನ್ನೂ ಇದೆ. ಅದೇ ವರ್ಷ ಮಾರ್ಚ್ 9ರಂದು ಪೂರ್ಣ ಸೂರ್ಯಗ್ರಹಣ ಆಗಿತ್ತು, ಮೀನದ 18 ಡಿಗ್ರಿ 31 ಕಲೆಯಲ್ಲಿ. ಅದು ಡಯಾನಾ ಲಗ್ನಕ್ಕೆ ಸರಿಯಾಗಿ 90 ಡಿಗ್ರಿ, ವ್ಯತ್ಯಾಸ 7 ಕಲೆ. ಓದಿದರೆ ಯಾರಿಗಾದರೂ ಮೈ ಜುಮ್ ಅನ್ನುತ್ತದೆ.

ಆದರೆ ಇದೇ ಶಾಸ್ತ್ರದ ನಿಯಮಗಳನ್ನು ಸ್ವಲ್ಪ ಗಟ್ಟಿಯಾಗಿ ಹಿಡಿದು ನೋಡಿ. 60 ಡಿಗ್ರಿ ದೃಷ್ಟಿಯನ್ನು ಪಾಶ್ಚಾತ್ಯ ಪರಂಪರೆ ಶುಭ ಅನ್ನುತ್ತದೆ. ಸ್ನೇಹ, ಅವಕಾಶ, ನೆರವು ಇವು ಅದರ ಫಲ. ಅಂದರೆ ಸಾವಿನ ಗ್ರಹಣಕ್ಕೂ ಜನ್ಮಸೂರ್ಯನಿಗೂ ಇರುವ ಅತಿ ನಿಖರವಾದ ಸಂಬಂಧ ಶುಭ ಸಂಬಂಧ. ಇದನ್ನು ಹೇಳುವಾಗ ಬರೆದವರು ನಿಖರತೆಯನ್ನು ಮಾತ್ರ ಎತ್ತಿ ತೋರಿಸುತ್ತಾರೆ, ಫಲವನ್ನು ಬಿಟ್ಟುಬಿಡುತ್ತಾರೆ.

ಗ್ರಹಣ ಫಲದ ಪಾಶ್ಚಾತ್ಯ ನಿಯಮಗಳನ್ನು ವಿವರವಾಗಿ ಬರೆದಿಟ್ಟವನು ಎರಡನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದಲ್ಲಿದ್ದ ಟಾಲೆಮಿ. ಅವನ ಪ್ರಕಾರ ಗ್ರಹಣ ಮೊದಲು ಹೇಳುವುದು ದೇಶಗಳ, ನಗರಗಳ ಕಥೆ. ಕಣ್ಣಿಗೆ ಕಾಣುವ ಗ್ರಹಣವೇ ಲೆಕ್ಕಕ್ಕೆ. ಸೂರ್ಯಗ್ರಹಣ ಎಷ್ಟು ಗಂಟೆ ಇರುತ್ತದೋ ಅದರ ಫಲ ಅಷ್ಟು ವರ್ಷ, ಚಂದ್ರಗ್ರಹಣ ಆದರೆ ಅಷ್ಟು ತಿಂಗಳು. ಈಗ ಡಯಾನಾ ವಿಷಯಕ್ಕೆ ಬನ್ನಿ. ಸೆಪ್ಟೆಂಬರಿನ ಆ ಗ್ರಹಣ ಕಂಡಿದ್ದು ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅಂಟಾರ್ಕ್ಟಿಕಾ ಕಡೆ. ಪ್ಯಾರಿಸ್ಸಿನಲ್ಲಿ ಆಗ ನಡುರಾತ್ರಿ. ಮಾರ್ಚಿನ ಪೂರ್ಣ ಗ್ರಹಣ ಕಂಡಿದ್ದು ಮಂಗೋಲಿಯಾ, ಸೈಬೀರಿಯಾ ಕಡೆ. ಕಣ್ಣಿಗೆ ಕಾಣಬೇಕು ಅನ್ನುವ ಟಾಲೆಮಿಯ ನಿಯಮಕ್ಕೇ ಎರಡೂ ನಿಲ್ಲುವುದಿಲ್ಲ. ಅದರ ಮೇಲೆ ಸೆಪ್ಟೆಂಬರಿನ ಗ್ರಹಣ ಆಗುವ ಹೊತ್ತಿಗೆ ಸಾವು ಆಗಿಹೋಗಿತ್ತು. ಇದಕ್ಕೆ ಇಂದಿನ ಉತ್ತರ ಸಿದ್ಧವಾಗಿದೆ: "ಗ್ರಹಣದ ನೆರಳು ಮುಂಚೆಯೇ ಬೀಳುತ್ತದೆ." ಮಾರ್ಚಿನ ಗ್ರಹಣಕ್ಕೆ ಇನ್ನೊಂದು ಉತ್ತರ: "ಫಲ ಆರು ತಿಂಗಳು ಇರುತ್ತದೆ."

ಆರು ತಿಂಗಳು ಅಂದರೆ ಏನು ಅಂತ ಯೋಚಿಸಿ. ವರ್ಷಕ್ಕೆ ಕಡಿಮೆ ಅಂದರೆ 4, ಹೆಚ್ಚು ಅಂದರೆ 7 ಗ್ರಹಣಗಳು ಆಗುತ್ತವೆ. ಅವು ಸುಮಾರು 173 ದಿನಕ್ಕೊಮ್ಮೆ ಗುಂಪಾಗಿ ಬರುತ್ತವೆ. ಒಂದು ಗುಂಪಿನಲ್ಲಿ ಸಾಮಾನ್ಯವಾಗಿ ಒಂದು ಸೂರ್ಯಗ್ರಹಣ, ಅದರ ಹಿಂದೆ ಅಥವಾ ಮುಂದೆ ಎರಡು ವಾರಕ್ಕೆ ಒಂದು ಚಂದ್ರಗ್ರಹಣ. ಹಾಗಾಗಿ ಫಲ ಆರು ತಿಂಗಳು ಇರುತ್ತದೆ ಅಂದುಬಿಟ್ಟರೆ ನಾವೆಲ್ಲರೂ ಹುಟ್ಟಿದ ಗಳಿಗೆಯಿಂದ ಕೊನೆಯ ಉಸಿರಿನವರೆಗೆ ಯಾವುದಾದರೊಂದು ಗ್ರಹಣದ ಫಲದಲ್ಲೇ ಇರುತ್ತೇವೆ. ಅದು ಬೇಡ, "ಒಂದು ತಿಂಗಳ ಆಚೀಚೆ" ಅಂತ ಬಿಗಿ ಮಾಡೋಣ. ಆಗಲೂ ಪ್ರತಿ 173 ದಿನದಲ್ಲಿ ಸುಮಾರು 75 ದಿನ ಆ ಕಿಟಕಿಯೊಳಗೆ ಬರುತ್ತವೆ. ಯಾವುದೇ ದಿನ ತೆಗೆದುಕೊಳ್ಳಿ, ಗ್ರಹಣದಿಂದ ಒಂದು ತಿಂಗಳ ಒಳಗೆ ಇರುವ ಸಾಧ್ಯತೆ ನೂರಕ್ಕೆ 43. ಎರಡೇ ದಿನದ ಆಚೀಚೆ ಅಂದರೆ ನೂರಕ್ಕೆ ಸುಮಾರು 5. ಡಯಾನಾ ಸಾವು ಈ ಐದರಲ್ಲಿ ಬರುತ್ತದೆ, ಹೌದು. ಆದರೆ ನೂರು ಜನ ಪ್ರಸಿದ್ಧರ ಸಾವಿನ ದಿನಾಂಕ ತೆಗೆದರೆ ಅಂಥವರು ಸರಾಸರಿ ಐದು ಜನ ಸಿಗುತ್ತಾರೆ. ಬರಹಗಳು ಬರುವುದು ಆ ಐದು ಜನರ ಮೇಲೆ.

ಜಾತಕದ ಕಡೆಯಿಂದಲೂ ಹೀಗೇ. ಸೂರ್ಯ, ಚಂದ್ರ, ಎಂಟು ಗ್ರಹ, ರಾಹು, ಲಗ್ನ, ದಶಮ ಬಿಂದು ಸೇರಿದರೆ 13 ಬಿಂದುಗಳು. ಗ್ರಹಣ ಇವುಗಳಲ್ಲಿ ಯಾವುದಕ್ಕಾದರೂ ಒಟ್ಟಿಗೆ, ಎದುರಿಗೆ ಅಥವಾ 90 ಡಿಗ್ರಿಯಲ್ಲಿ, ಮೂರು ಡಿಗ್ರಿ ಆಚೀಚೆ ಇದ್ದರೆ "ತಟ್ಟಿತು" ಅಂತ ಇಟ್ಟುಕೊಳ್ಳೋಣ. ಒಂದೇ ಒಂದು ಗ್ರಹಣ ಯಾರೋ ಒಬ್ಬರ ಜಾತಕಕ್ಕೆ ಹೀಗೆ ತಟ್ಟುವ ಸಾಧ್ಯತೆ ನೂರಕ್ಕೆ ಸುಮಾರು 59. ವರ್ಷದ ನಾಲ್ಕೂ ಗ್ರಹಣ ಸೇರಿಸಿದರೆ 97. ಡಯಾನಾ ಪ್ಲೂಟೊಗೆ ಗ್ರಹಣ ಮೂರೂವರೆ ಡಿಗ್ರಿ ದೂರ ಇತ್ತು. ಅಂದರೆ ಆ ಬರಹದವರು ನನಗಿಂತಲೂ ಸಡಿಲವಾದ ಅಳತೆ ಹಿಡಿದಿದ್ದಾರೆ.

ಈಗ ನಕ್ಷತ್ರಗಳ ವಿಷಯ. ಇದು ನನಗೆ ತುಂಬ ಇಷ್ಟವಾದ ಭಾಗ, ಯಾಕಂದ್ರೆ ಇಲ್ಲಿ ನಿಜವಾದ ಆಕಾಶ ಸಿಗುತ್ತದೆ.

ಪಾಶ್ಚಾತ್ಯರ ರಾಶಿಚಕ್ರ ವಿಷುವದಿಂದ, ಅಂದರೆ ಮಾರ್ಚಿನಲ್ಲಿ ಹಗಲು ರಾತ್ರಿ ಸಮ ಇರುವ ದಿನ ಸೂರ್ಯ ಇರುವ ಬಿಂದುವಿನಿಂದ, ಶುರುವಾಗುತ್ತದೆ. ನಕ್ಷತ್ರಗಳಿಗೂ ಅದಕ್ಕೂ ಗಂಟು ಇಲ್ಲ. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ನಕ್ಷತ್ರಗಳು ಆ ಚಕ್ರದಲ್ಲಿ 72 ವರ್ಷಕ್ಕೆ ಒಂದು ಡಿಗ್ರಿಯಂತೆ ಮುಂದೆ ಸರಿಯುತ್ತವೆ. ಹೆಸರು "ಸ್ಥಿರ ನಕ್ಷತ್ರ", ಆದರೂ ಅವುಗಳ ಜಾಗ ಪ್ರತಿ ಜಾತಕಕ್ಕೂ ಬೇರೆ ಬೇರೆಯಾಗಿ ಲೆಕ್ಕ ಹಾಕಬೇಕು. ನಮ್ಮ ನಿರಯನ ಪದ್ಧತಿಯಲ್ಲಿ ಚಕ್ರವನ್ನೇ ನಕ್ಷತ್ರಗಳಿಗೆ ಕಟ್ಟಿರುವುದರಿಂದ ಈ ತಲೆನೋವು ಇಲ್ಲ.

ಆಲ್ಗಾಲ್ ಪರ್ಸಿಯಸ್ ನಕ್ಷತ್ರಪುಂಜದಲ್ಲಿದೆ. ಗ್ರೀಕ್ ಕಥೆಯಲ್ಲಿ ವೀರ ಪರ್ಸಿಯಸ್ ಕೈಯಲ್ಲಿ ಹಿಡಿದಿರುವ, ಮೆಡೂಸಾ ಎಂಬ ರಾಕ್ಷಸಿಯ ಕತ್ತರಿಸಿದ ತಲೆ ಅದು. ಅರಬರು ಅದನ್ನು ಪಿಶಾಚಿಯ ತಲೆ ಅಂದರು. ಅದಕ್ಕೇ ಶಿರಚ್ಛೇದ, ಕತ್ತಿನ ಪೆಟ್ಟು, ಘೋರ ಸಾವು ಎಲ್ಲವೂ ಅದರ ತಲೆಗೆ ಬಂದವು. ಘೋರ ಸಾವಿನ ಯೋಗಗಳನ್ನು ಹೇಳುವಾಗ ಟಾಲೆಮಿಯೂ ಈ ಮೆಡೂಸಾ ತಲೆಯನ್ನು ಹೆಸರಿಸುತ್ತಾನೆ. ಡಯಾನಾ ಹುಟ್ಟಿದಾಗ ಆಲ್ಗಾಲ್ ವೃಷಭದ 25 ಡಿಗ್ರಿ 37 ಕಲೆ ಹತ್ತಿರ ಇತ್ತು. ಶುಕ್ರನಿಗೂ ಅದಕ್ಕೂ ಒಂದೂ ಕಾಲು ಡಿಗ್ರಿಗಿಂತ ಕಡಿಮೆ ಅಂತರ. ಇದೂ ಸರಿಯಾದ ಲೆಕ್ಕವೇ.

ಆದರೆ ಈ ಅಂತರ ರಾಶಿಚಕ್ರದ ಗೆರೆಯ ಉದ್ದಕ್ಕೆ ಅಳೆದದ್ದು. ಆಲ್ಗಾಲ್ ಆ ಗೆರೆಯ ಮೇಲಿಲ್ಲ. ಅದು 22 ಡಿಗ್ರಿ ಉತ್ತರಕ್ಕಿದೆ. ಕೈ ಪೂರ್ತಿ ಚಾಚಿ ಒಂದು ಗೇಣು ಅಗಲಿಸಿ ಆಕಾಶಕ್ಕೆ ಹಿಡಿದರೆ ಹೆಚ್ಚುಕಡಿಮೆ ಅಷ್ಟು ದೂರ. ಡಯಾನಾ ಹುಟ್ಟಿದ ದಿನಗಳಲ್ಲಿ ಯಾರಾದರೂ ಬೆಳಗಿನ ಜಾವ ಎದ್ದು ಶುಕ್ರನನ್ನು ನೋಡಿದ್ದರೆ ಆಲ್ಗಾಲ್ ಅದರ "ಜೊತೆ" ಇದೆ ಅಂತ ಅನ್ನಿಸುತ್ತಲೇ ಇರಲಿಲ್ಲ. ರೆಗ್ಯುಲಸ್ ವಿಷಯ ಬೇರೆ. ನಾವು ಮಖಾ ಅನ್ನುವ ಆ ನಕ್ಷತ್ರ ಗೆರೆಗೆ ಅರ್ಧ ಡಿಗ್ರಿಯೊಳಗೆ ಇದೆ, ಚಂದ್ರ ಅದನ್ನು ಆಗಾಗ ಮುಚ್ಚುತ್ತಾನೆ. ರೆಗ್ಯುಲಸ್ ಮತ್ತು ಆಲ್ಗಾಲ್ ಎರಡಕ್ಕೂ ಒಂದೇ "ಯುತಿ" ಎಂಬ ಹೆಸರು ಕೊಡುವುದು ಸರಿಯಲ್ಲ.

ಆಲ್ಗಾಲ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಅದು ಪ್ರತಿ 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಮಂಕಾಗುತ್ತದೆ. ಬೆಳಕು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಕೆಲವು ಗಂಟೆಗಳಲ್ಲಿ ಮತ್ತೆ ಮೊದಲಿನಂತಾಗುತ್ತದೆ. ಬರಿಗಣ್ಣಿಗೇ ಕಾಣುತ್ತದೆ. 1783ರಲ್ಲಿ ಇಂಗ್ಲೆಂಡಿನ ಯಾರ್ಕ್‌ನಲ್ಲಿ ಜಾನ್ ಗುಡ್‌ರಿಕ್ ಎಂಬ ಹದಿಹರೆಯದ ಹುಡುಗ ಇದಕ್ಕೆ ಕಾರಣ ಸೂಚಿಸಿದ. ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ. ನಕ್ಷತ್ರವನ್ನು ಸುತ್ತುವ ಇನ್ನೊಂದು ಕಾಯ ನಮಗೂ ಅದಕ್ಕೂ ಅಡ್ಡ ಬರುತ್ತಿರಬಹುದು ಅಂದ. ಅವನು ಹೇಳಿದ್ದು ಸರಿ. ಎರಡು ನಕ್ಷತ್ರಗಳು ಒಂದನ್ನೊಂದು ಸುತ್ತುತ್ತಿವೆ, ಒಂದು ಇನ್ನೊಂದನ್ನು ಮರೆಮಾಡುತ್ತದೆ. ಪಿಶಾಚಿ ಅನ್ನಿಸಿಕೊಂಡ ನಕ್ಷತ್ರಕ್ಕೆ ಆಗುತ್ತಿರುವುದೇ ಒಂದು ಗ್ರಹಣ. ಗುಡ್‌ರಿಕ್ 21ನೇ ವಯಸ್ಸಿಗೇ ತೀರಿಕೊಂಡ. ಅವನು ಮಾಡಿದ ಕೆಲಸವನ್ನು ನೆನೆದರೆ ಈಗಲೂ ಗೌರವ ಉಕ್ಕುತ್ತದೆ.

ಈಗ ನೀವು ಓದಿದ ಬರಹ ಬಿಟ್ಟಿದ್ದನ್ನು ನೋಡೋಣ. ಡಯಾನಾ ಜಾತಕದ ದಶಮ ಬಿಂದು ತುಲಾ ರಾಶಿಯ 23 ಡಿಗ್ರಿ 3 ಕಲೆ. ಇದು ಹೆಸರು, ಸ್ಥಾನಮಾನ ಹೇಳುವ ಬಿಂದು. 1961ರಲ್ಲಿ ಅದರಿಂದ ಕಾಲು ಡಿಗ್ರಿ ದೂರದಲ್ಲಿ ಇದ್ದದ್ದು ಸ್ಪೈಕಾ, ಅಂದರೆ ನಮ್ಮ ಚಿತ್ತಾ ನಕ್ಷತ್ರ. ಪಾಶ್ಚಾತ್ಯ ಪರಂಪರೆ ತುಂಬ ಶುಭ ಅನ್ನುವ ನಕ್ಷತ್ರಗಳಲ್ಲಿ ಅದೂ ಒಂದು. ಕೀರ್ತಿ, ರಕ್ಷಣೆ, ಸಂಪತ್ತು ಅದರ ಫಲ. ಆಲ್ಗಾಲ್ ಮತ್ತು ಶುಕ್ರನ ಸಂಬಂಧಕ್ಕಿಂತ ಇದು ಎಷ್ಟೋ ಪಟ್ಟು ನಿಖರ, ಮತ್ತು ಸ್ಪೈಕಾ ಗೆರೆಗೆ ಎರಡೇ ಡಿಗ್ರಿ ದೂರ. ಡಯಾನಾ ಯಾಕೆ ಅಷ್ಟು ಪ್ರಸಿದ್ಧರಾದರು ಅಂತ ಬರೆಯುವವರು ಸ್ಪೈಕಾ ಎತ್ತಿಕೊಳ್ಳುತ್ತಾರೆ. ಯಾಕೆ ಹಾಗೆ ಸತ್ತರು ಅಂತ ಬರೆಯುವವರು ಆಲ್ಗಾಲ್ ಎತ್ತಿಕೊಳ್ಳುತ್ತಾರೆ. ಒಂದೇ ಜಾತಕ. ಯಾವ ನಕ್ಷತ್ರ ಮಾತಾಡಬೇಕು ಅನ್ನುವುದನ್ನು ತೀರ್ಮಾನ ಮಾಡಿದ್ದು ಆಗಿಹೋದ ಘಟನೆ. 1985ರಲ್ಲೋ 1990ರಲ್ಲೋ ಈ ಜಾತಕ ಕೈಗೆ ಬಂದಿದ್ದರೆ ಸ್ಪೈಕಾ ನೋಡಿ "ದೈವರಕ್ಷೆ ಇದೆ" ಅಂತ ಹೇಳಲು ಶಾಸ್ತ್ರದಲ್ಲಿ ಯಾವ ಅಡ್ಡಿಯೂ ಇರಲಿಲ್ಲ.

ಹಳೆಯ ಪಟ್ಟಿಯಲ್ಲಿ ಮುಖ್ಯ ನಕ್ಷತ್ರಗಳು 15. ಬರೀ ಒಂದು ಡಿಗ್ರಿ ಅಳತೆ ಹಿಡಿದರೂ ನೂರು ಜಾತಕಗಳಲ್ಲಿ ಸುಮಾರು 68ರಲ್ಲಿ ಯಾವುದಾದರೊಂದು ನಕ್ಷತ್ರ ಯಾವುದಾದರೊಂದು ಬಿಂದುವಿಗೆ ಸಿಕ್ಕೇ ಸಿಗುತ್ತದೆ. ಇಂದಿನವರು ಬಳಸುವ ಪಟ್ಟಿ ಇದಕ್ಕಿಂತ ತುಂಬ ಉದ್ದ.

ಇನ್ನೊಂದು ವಿಷಯ, ಹುಟ್ಟಿದ ಸಮಯ. ಡಯಾನಾ ಬಗ್ಗೆ ಎರಡು ಸಮಯಗಳು ಓಡಾಡಿದ್ದವು. ಸಂಜೆ 7.45 ಒಂದು, ಮಧ್ಯಾಹ್ನ 2.15 ಇನ್ನೊಂದು. ಮಧ್ಯಾಹ್ನದ ಸಮಯ ಹಿಡಿದರೆ ಲಗ್ನ ತುಲಾ ಆಗುತ್ತದೆ, ದಶಮ ಬಿಂದು ಕರ್ಕಾಟಕಕ್ಕೆ ಹೋಗುತ್ತದೆ. ಮಾರ್ಚಿನ ಗ್ರಹಣಕ್ಕೂ ಲಗ್ನಕ್ಕೂ ಇದ್ದ ಆ 7 ಕಲೆಯ ಬೆರಗು ಮಾಯ. ಸ್ಪೈಕಾ ಕೂಡ ಮಾಯ. ಆಗ ಬೇರೆ ಬೆರಗುಗಳು ಸಿಗುತ್ತವೆ. 13 ಬಿಂದು, ನಾಲ್ಕು ಗ್ರಹಣ, ಹತ್ತಾರು ನಕ್ಷತ್ರ ಇರುವಾಗ ಹುಡುಕಿದವರಿಗೆ ಬರಿಗೈ ಆಗುವುದಿಲ್ಲ.

ಬೇರೆ ಪ್ರಸಿದ್ಧರನ್ನೂ ನೋಡಿಬಿಡೋಣ. ಮರ್ಲಿನ್ ಮನ್ರೋ 1962ರ ಆಗಸ್ಟ್ ಮೊದಲ ವಾರ ತೀರಿಕೊಂಡರು. ಜುಲೈ 31ರಂದು ಕಂಕಣ ಸೂರ್ಯಗ್ರಹಣ ಆಗಿತ್ತು, ಹತ್ತಿರವೇ ಇದೆ. ಮೈಕಲ್ ಜಾಕ್ಸನ್ 2009ರ ಜೂನ್ 25ರಂದು ಹೋದರು. ಜುಲೈ 22ರಂದು ಈ ಶತಮಾನದಲ್ಲೇ ಅತಿ ದೀರ್ಘವಾದ ಪೂರ್ಣ ಸೂರ್ಯಗ್ರಹಣ. 27 ದಿನ. ಎಲ್ವಿಸ್ ಪ್ರೀಸ್ಲಿ 1977ರ ಆಗಸ್ಟ್ 16ರಂದು ಹೋದರು, ನಂತರದ ಸೂರ್ಯಗ್ರಹಣ ಅಕ್ಟೋಬರ್ 12ರಂದು, 57 ದಿನ ದೂರ. ಈ ಕೊನೆಯದರ ಮೇಲೆ ಯಾರೂ ಅಷ್ಟು ಉತ್ಸಾಹದಿಂದ ಬರೆಯುವುದಿಲ್ಲ.

ಡಯಾನಾ ಅತ್ತೆ, ರಾಣಿ ಎರಡನೇ ಎಲಿಜಬೆತ್, 2022ರ ಸೆಪ್ಟೆಂಬರ್ 8ರಂದು ತೀರಿಕೊಂಡರು. 70 ವರ್ಷ ಸಿಂಹಾಸನದಲ್ಲಿದ್ದವರು. ಗ್ರಹಣ ಅರಸರ ಸಾವನ್ನು ಹೇಳುತ್ತದೆ ಅನ್ನುವುದು ಬ್ಯಾಬಿಲೋನಿನ ಕಾಲದಿಂದ ಬಂದ ನಂಬಿಕೆ. ಅದು ನಿಜವಾಗಿದ್ದರೆ ಇಲ್ಲಿ ಕಾಣಬೇಕಿತ್ತು. ಹಿಂದಿನ ಗ್ರಹಣ ಮೇ 16ರಂದು, ನಾಲ್ಕು ತಿಂಗಳ ಹತ್ತಿರ. ಮುಂದಿನದು ಅಕ್ಟೋಬರ್ 25ರಂದು, 47 ದಿನ ದೂರ. ಅವರ ಪತಿ ಫಿಲಿಪ್ 2021ರ ಏಪ್ರಿಲ್ 9ರಂದು ಹೋದಾಗ ಮುಂದಿನ ಗ್ರಹಣ ಮೇ 26ರಂದು ಇತ್ತು. ಎಣಿಸಿ ನೋಡಿ, ಅದೂ ಸರಿಯಾಗಿ 47 ದಿನ! ಗಂಡ ಹೆಂಡತಿ ಇಬ್ಬರಿಗೂ 47. ಈಗ ಯಾರಾದರೂ "ವಿಂಡ್ಸರ್ ಮನೆತನದ 47 ದಿನದ ನಿಯಮ" ಅಂತ ಬರೆದರೆ ಅಂಕಿ ತಪ್ಪು ಅಂತ ಹೇಳಲಾಗುವುದಿಲ್ಲ. ಆದರೆ ಅದರಲ್ಲಿ ಏನೂ ಇಲ್ಲ. ಈ ಹೊಂದಿಕೆ ಕಣ್ಣಿಗೆ ಬಿದ್ದಾಗ ನನಗೂ ಒಂದು ಕ್ಷಣ ರೋಮಾಂಚನ ಆಯಿತು. ಆ ರೋಮಾಂಚನವೇ ಓದುಗರನ್ನು ಹಿಡಿಯುವುದು.

1997ರ ಅದೇ ವಾರ, ಸೆಪ್ಟೆಂಬರ್ 5ರಂದು, ಮದರ್ ತೆರೇಸಾ ತೀರಿಕೊಂಡರು. ಸಂಗೀತ ಸಂಚಾಲಕ ಜಾರ್ಜ್ ಸೋಲ್ಟಿ ಹೋದದ್ದೂ ಅದೇ ದಿನ. ಒಬ್ಬರಿಗೆ 87, ಇನ್ನೊಬ್ಬರಿಗೆ 84. ಅದೇ ಗ್ರಹಣ, ಅದೇ ಕನ್ಯಾ ರಾಶಿ. ತುಂಬು ವಯಸ್ಸಿನ ಸಾವು, ಹಾಗಾಗಿ ಆಲ್ಗಾಲ್ ಯಾರಿಗೂ ಬೇಕಾಗಲಿಲ್ಲ.

ಹಾಗಾದರೆ ಈ ವಿಧಾನವನ್ನು ಪರೀಕ್ಷೆ ಮಾಡುವುದು ಹೇಗೆ? ಒಂದೇ ದಾರಿ. ಸಾವಿಗೆ ಮೊದಲೇ ಹೆಸರು, ಸಮಯ ಹೇಳಿ ಬರೆದಿಟ್ಟಿರಬೇಕು. ಚರಿತ್ರೆಯಲ್ಲಿ ಅಂಥ ಒಂದು ದೊಡ್ಡ ಪ್ರಸಂಗ ಇದೆ. ಆ ಕಾಲದಲ್ಲಿ ಅವರಿಗಿಂತ ಪ್ರಸಿದ್ಧರು ಯುರೋಪಿನಲ್ಲಿ ಕಡಿಮೆ: ಪೋಪ್ ಎಂಟನೇ ಅರ್ಬನ್.

ಅರ್ಬನ್‌ಗೆ ಜ್ಯೋತಿಷದಲ್ಲಿ ನಂಬಿಕೆ ಇತ್ತು. 1628ರ ಹೊತ್ತಿಗೆ ಗ್ರಹಣಗಳಿಂದ ತನ್ನ ಜೀವಕ್ಕೆ ಕುತ್ತು ಇದೆ ಅನ್ನುವ ಭಯ ಅವರನ್ನು ಹಿಡಿಯಿತು. ಆಗ ತೊಮ್ಮಾಸೊ ಕಂಪನೆಲ್ಲಾ ಎಂಬ ಸನ್ಯಾಸಿ ಪರಿಹಾರ ಮಾಡಲು ಬಂದರು. ಗಾಳಿ ಆಡದಂತೆ ಮುಚ್ಚಿದ ಕೋಣೆ. ಗೋಡೆಗೆ ಬಿಳಿ ಬಟ್ಟೆ. ಪರಿಮಳ ದ್ರವ್ಯಗಳು. ಹೊರಗಿನ ಆಕಾಶ ಕೆಟ್ಟಿರುವುದರಿಂದ ಒಳಗೆ ಸೂರ್ಯ ಚಂದ್ರರ, ಗ್ರಹಗಳ ಬದಲಿಗೆ ದೀಪಗಳನ್ನು ಹಚ್ಚಿ ಒಂದು ಒಳ್ಳೆಯ ಆಕಾಶವನ್ನೇ ಕಟ್ಟಿದರು. ಕ್ರೈಸ್ತ ಜಗತ್ತಿನ ಅತಿ ದೊಡ್ಡ ಗುರು, ಕೋಣೆಯೊಳಗೆ, ಹೆದರಿಕೊಂಡು. ನಿಮ್ಮ ಭಯ ನನಗೆ ಚಿಕ್ಕದಾಗಿ ಕಾಣದಿರುವುದು ಇದಕ್ಕೇ. ಎಂಥವರನ್ನೂ ಇದು ಹಿಡಿಯುತ್ತದೆ.

ಎರಡು ವರ್ಷದ ನಂತರ, 1630ರಲ್ಲಿ, ರೋಮಿನ ಸಾಂತಾ ಪ್ರಸ್ಸೇದೆ ಮಠದ ಮುಖ್ಯಸ್ಥ ಒರಾಜಿಯೊ ಮೊರಾಂದಿ ಮತ್ತು ಅವನ ಬಳಗ ಪೋಪರ ಸಾವು ಹತ್ತಿರದಲ್ಲಿದೆ ಅಂತ ಜಾತಕ ನೋಡಿ ಬರೆದರು. ಆ ಜೂನ್ ತಿಂಗಳಲ್ಲಿ ಸೂರ್ಯಗ್ರಹಣವೂ ಇತ್ತು. ಸುದ್ದಿ ಯುರೋಪಿನಾದ್ಯಂತ ಹಬ್ಬಿತು. ಹೊಸ ಪೋಪ್ ಯಾರು ಅನ್ನುವ ಲೆಕ್ಕಾಚಾರವೂ ಶುರುವಾಯಿತು. ಜುಲೈನಲ್ಲಿ ಮೊರಾಂದಿಯನ್ನು ಬಂಧಿಸಿದರು. ನವೆಂಬರಿನಲ್ಲಿ ಅವನು ಸೆರೆಮನೆಯಲ್ಲೇ ಸತ್ತ. 1631ರ ಏಪ್ರಿಲ್ 1ರಂದು ಪೋಪರ ಸಾವಿನ ಬಗ್ಗೆ, ಅವರ ಬಂಧುಗಳ ಸಾವಿನ ಬಗ್ಗೆ ಭವಿಷ್ಯ ಹೇಳುವುದನ್ನು ನಿಷೇಧಿಸುವ ಕಠಿಣ ಆಜ್ಞೆ ಹೊರಬಂತು.

ಎಂಟನೇ ಅರ್ಬನ್ ತೀರಿಕೊಂಡದ್ದು 1644ರ ಜುಲೈನಲ್ಲಿ. ಹೇಳಿದ ಸಮಯಕ್ಕೆ ಹದಿನಾಲ್ಕು ವರ್ಷ ಆದ ಮೇಲೆ. ಈ ಕೆಲಸ ಮಾಡಿದವರು ಅರೆಬರೆ ಕಲಿತವರಲ್ಲ. ತಮ್ಮ ಕಾಲದ ಒಳ್ಳೆಯ ಗಣಿತ, ಒಳ್ಳೆಯ ಗ್ರಂಥಗಳು, ಪೋಪರ ಜಾತಕ ಎಲ್ಲ ಅವರ ಕೈಯಲ್ಲಿತ್ತು. ನಡೆದದ್ದಕ್ಕೆ ಕಾರಣ ಹುಡುಕುವಾಗ ಅಷ್ಟು ಚೆನ್ನಾಗಿ ಹೊಂದುವ ವಿಧಾನ ನಡೆಯಬೇಕಾದದ್ದನ್ನು ಹೇಳುವಾಗ ಹೀಗೆ ಕೈಕೊಟ್ಟಿತು.

ಡಯಾನಾ ಸಾವಿಗೆ ಕಾರಣ ಏನು ಅನ್ನುವುದು ಗುಟ್ಟಾಗಿ ಉಳಿದಿಲ್ಲ. ಚಾಲಕ ಕಾನೂನಿನ ಮಿತಿ ಮೀರಿ ಕುಡಿದಿದ್ದ. 50 ಕಿಲೋಮೀಟರ್ ಮಿತಿ ಇದ್ದ ರಸ್ತೆಯಲ್ಲಿ ಕಾರು ಸುಮಾರು 100ರ ವೇಗದಲ್ಲಿತ್ತು. ಫೋಟೋಗ್ರಾಫರ್‌ಗಳು ಬೆನ್ನು ಹತ್ತಿದ್ದರು. ಡಯಾನಾ ಸೀಟ್ ಬೆಲ್ಟ್ ಹಾಕಿರಲಿಲ್ಲ. 2008ರ ಏಪ್ರಿಲಿನಲ್ಲಿ ಲಂಡನ್ನಿನ ವಿಚಾರಣೆಯಲ್ಲಿ ಜ್ಯೂರಿ ಹೇಳಿದ್ದೂ ಇದನ್ನೇ: ಚಾಲಕನ ಮತ್ತು ಹಿಂಬಾಲಿಸಿದ ವಾಹನಗಳ ಘೋರ ನಿರ್ಲಕ್ಷ್ಯದಿಂದಾದ ಸಾವು. ಇಬ್ಬರು ಚಿಕ್ಕ ಮಕ್ಕಳ ತಾಯಿ. ಹಿಂದಿನ ಸೀಟಿನ ಒಂದು ಬೆಲ್ಟ್ ಅವರನ್ನು ಉಳಿಸಬಹುದಿತ್ತು. ಆಲ್ಗಾಲ್ ಅಂತ ಹೇಳಿದಾಗ ಈ ಮಾತು ಮರೆಯಾಗಿಬಿಡುತ್ತದೆ. ನನಗೆ ಈ ಬರಹಗಳ ಮೇಲೆ ಇರುವ ದೊಡ್ಡ ಬೇಸರ ಇದೇ.

ಇನ್ನು ನಿಮ್ಮ ಮಗನ ಜನ್ಮನಕ್ಷತ್ರ. ಅದೇ ನಿಯಮವನ್ನು ಡಯಾನಾಗೆ ಹಾಕಿ ನೋಡೋಣ, ಈ ಸಲ ನಮ್ಮ ನಿರಯನ ಲೆಕ್ಕದಲ್ಲಿ. ಅವರ ಚಂದ್ರ ಕುಂಭ ರಾಶಿಯ ಆರಂಭದಲ್ಲಿ ಬರುತ್ತಾನೆ, ಜನ್ಮನಕ್ಷತ್ರ ಧನಿಷ್ಠಾ. ಸಾವಿನ ಪಕ್ಕದ ಆ ಸೂರ್ಯಗ್ರಹಣ ಆದದ್ದು ಹುಬ್ಬಾ ನಕ್ಷತ್ರದಲ್ಲಿ. 1997ರ ನಾಲ್ಕೂ ಗ್ರಹಣಗಳಲ್ಲಿ ಒಂದೂ ಧನಿಷ್ಠಾದಲ್ಲಿ ಆಗಲಿಲ್ಲ. ಧನಿಷ್ಠಾದಲ್ಲಿ ಪೂರ್ಣ ಸೂರ್ಯಗ್ರಹಣ ಆದದ್ದು 1980ರ ಫೆಬ್ರವರಿ 16ರಂದು. ಆಗ ಡಯಾನಾಗೆ 18 ವರ್ಷ. ಮರುವರ್ಷ ಜುಲೈ 29ರಂದು ಅವರ ಮದುವೆ ಆಯಿತು. ನಿಮಗೆ ಭಯ ಹುಟ್ಟಿಸಿದ ನಿಯಮ, ನಿಮಗೆ ಭಯ ಹುಟ್ಟಿಸಿದ ಜಾತಕದಲ್ಲೇ ನಿಲ್ಲುವುದಿಲ್ಲ.

ನಕ್ಷತ್ರಗಳು 27. ಭೂಮಿಯ ಮೇಲೆ 800 ಕೋಟಿ ಜನ. ಒಂದು ಗ್ರಹಣ ಒಂದು ನಕ್ಷತ್ರದಲ್ಲಿ ಆದರೆ ಸುಮಾರು 30 ಕೋಟಿ ಜನರಿಗೆ ಅದು ಜನ್ಮನಕ್ಷತ್ರದ ಗ್ರಹಣ. ವರ್ಷಕ್ಕೆ ನಾಲ್ಕು ಗ್ರಹಣ ಅಂತ ಹಿಡಿದರೆ ಸರಾಸರಿ ಆರೇಳು ವರ್ಷಕ್ಕೊಮ್ಮೆ ಪ್ರತಿಯೊಬ್ಬರಿಗೂ ಇದು ಬರುತ್ತದೆ. ನಿಮಗೂ ಬಂದಿದೆ, ನಿಮ್ಮ ಮನೆಯ ಹಿರಿಯರಿಗೂ ಎಷ್ಟೋ ಸಲ ಬಂದಿದೆ. ಹಳೆಯ ಪಂಚಾಂಗ ತೆಗೆದು ನಿಮ್ಮದೇ ನಕ್ಷತ್ರದ ಗ್ರಹಣಗಳನ್ನು ಹುಡುಕಿ, ಆ ದಿನಗಳಲ್ಲಿ ಏನಾಗಿತ್ತು ಅಂತ ನೆನಪು ಮಾಡಿಕೊಳ್ಳಿ. ಬಹುಪಾಲು ದಿನಗಳು ನೆನಪಿಗೇ ಬರುವುದಿಲ್ಲ.

ಡಯಾನಾ ಹಿರಿಯ ಮಗ ವಿಲಿಯಂ ಹುಟ್ಟಿದ್ದು 1982ರ ಜೂನ್ 21ರಂದು. ಅವತ್ತು ಸೂರ್ಯಗ್ರಹಣ. ಹುಟ್ಟಿದ ದಿನವೇ ಗ್ರಹಣದ ದಿನ. ಅವರು ಬೆಳೆದರು, ಮದುವೆಯಾದರು, ಮೂರು ಮಕ್ಕಳ ತಂದೆಯಾದರು, ಸಿಂಹಾಸನಕ್ಕೆ ಮುಂದಿನ ವಾರಸುದಾರರಾದರು.

ಪರಿಹಾರ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಮನಸ್ಸಿನ ಶಾಂತಿಗೆ ಪೂಜೆ, ಪ್ರಾರ್ಥನೆ ಮಾಡುವುದು ನಿಮ್ಮ ಇಷ್ಟ, ಅದಕ್ಕೆ ನಾನು ಅಡ್ಡ ಬರುವುದಿಲ್ಲ. ಮಗನ ಮುಂದೆ ಮಾತ್ರ ಈ ಕುತ್ತಿನ ಮಾತು ಆಡಬೇಡಿ. ನೀವು ನಿದ್ದೆಗೆಟ್ಟಿರುವುದು ಅವನಿಗೆ ಆಗಲೇ ಗೊತ್ತಾಗಿರುತ್ತದೆ. ಇನ್ನೂ ಒಂದು ವಾರ ಹೀಗೇ ಆದರೆ ದಯವಿಟ್ಟು ಡಾಕ್ಟರ್ ಹತ್ತಿರ ಹೋಗಿ. ನಿದ್ದೆ ಇಲ್ಲದಿದ್ದರೆ ಸಣ್ಣ ಭಯವೂ ದೊಡ್ಡದಾಗುತ್ತದೆ.

ಗ್ರಹಣದ ದಿನ ಅವನಿಗೆ ನೋಡುವ ಆಸೆ ಇದ್ದರೆ ತೋರಿಸಿ. ಚಂದ್ರಗ್ರಹಣ ಆದರೆ ಬರಿಗಣ್ಣಿನಿಂದಲೇ ನೋಡಬಹುದು. ಸೂರ್ಯಗ್ರಹಣ ಆದರೆ ಐಎಸ್‌ಒ 12312-2 ಅಂತ ಗುರುತು ಇರುವ, ಗೀರು ಬೀಳದ ಗ್ರಹಣ ಕನ್ನಡಕ ಬೇಕೇ ಬೇಕು. ಎಕ್ಸ್‌ರೇ ಫಿಲ್ಮ್, ಕೂಲಿಂಗ್ ಗ್ಲಾಸ್ ಸಾಲದು. ಕನ್ನಡಕ ಸಿಗದಿದ್ದರೆ ಒಂದು ರಟ್ಟಿಗೆ ಸಣ್ಣ ತೂತು ಮಾಡಿ, ಸೂರ್ಯನಿಗೆ ಬೆನ್ನು ಹಾಕಿ ನಿಂತು, ಬಿಳಿ ಕಾಗದದ ಮೇಲೆ ಬೀಳುವ ಬಿಂಬವನ್ನು ಇಬ್ಬರೂ ಒಟ್ಟಿಗೆ ನೋಡಿ.